ಮುಂದಿನ ಹಾಯಿಯ ಹಗ್ಗ

"ಓರೆ ಮಾಡಿ, ಇನ್ನೂ ಸ್ವಲ್ಪ ಓರೆ ಮಾಡಿ! ಗೋಡೆಗೆ ತಗಲ್ತಾ ಇದೆ!"

ಮೂರನೇ ಮಹಡಿಯಿಂದ ಇಳಿಯುವ ಮೆಟ್ಟಿಲಿನ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಮೇಲೆ ಇಬ್ಬರು, ಕೆಳಗೆ ಇಬ್ಬರು. ಕೆಳಗೆ ಹೆಗಲು ಕೊಟ್ಟವರಲ್ಲಿ ಒಬ್ಬರು ಡ್ರೈವರು, ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಮಂಡಿ ನೋವಿನವರು ಇಂಥ ಭಾರ ಹೊರಬಾರದು ಎಂದು ಯಾರಾದರೂ ತಡೆಯಬಹುದಿತ್ತು, ಆದರೆ ತಡೆಯುವುದಕ್ಕೂ ಜನ ಬೇಕಲ್ಲ? ಹೊರುವುದಕ್ಕೇ ಒಬ್ಬರು ಕಡಿಮೆ ಬಿದ್ದು, ವ್ಯಾನು ತಂದವನನ್ನು ಮೇಲಕ್ಕೆ ಕರೆಸಿಕೊಂಡಿದ್ದರು.

"ಸೋಫಾ ತಂದಾಗ್ಲೂ ಇಲ್ಲೇ ಸಿಕ್ಕಿಕೊಂಡಿತ್ತು," ಎಂದು ಕೆಳಮನೆಯವರು ಏದುಸಿರು ಬಿಟ್ಟರು. "ಕೊನೆಗೆ ಅದರ ಕಾಲು ಬಿಚ್ಚಿ ತಗೊಂಡ್ಹೋದ್ವಿ."

"ಇವನ ಕಾಲು ಬಿಚ್ಚೋಕಾಗಲ್ಲ. ಸುಮ್ನೆ ಎತ್ತಿ," ಎಂದರು ಡ್ರೈವರು.

ಪೆಟ್ಟಿಗೆಯೊಳಗಿದ್ದವರು ಗಣಿತದ ಮೇಷ್ಟ್ರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಬಾಗಿಲ ಮುಂದೆ ಪೇಪರುಗಳು ಬಿದ್ದಲ್ಲೇ ಬಿದ್ದಿರುವುದನ್ನು ಕಂಡು ಕೆಳಮನೆಯವರು ಬೀಗ ಒಡೆಸಿದ್ದರು. ದೂರದ ಊರಿನಿಂದ ಅಕ್ಕನ ಮಗಳು ಬಂದಿದ್ದಳು. ಸಂಜೆಯ ರೈಲಿಗೆ ಅವಳು ವಾಪಸು ಹೊರಡಬೇಕಿತ್ತು.

"ಅಂಕಲ್, ಮಾವನ ಜೊತೆ ದೋಣೀಲಿ ಹೋಗ್ತಿದ್ದೋರು ನೀವೇ ತಾನೇ?" ಎಂದು ವ್ಯಾನಿನಲ್ಲಿ ಅವಳು ಕೇಳಿದಳು.

"ಹೋಗ್ತಿದ್ದೆ."

"ಈಚೆಗೂ?"

"ಇಲ್ಲಮ್ಮ. ಈಚೆಗೆ ಒಬ್ಬನೇ ಹೋಗ್ತಿದ್ದ. ಯಂತ್ರ ಹಾಕಿಸ್ಕೊಂಡ್ನಲ್ಲ, ನಾನ್ಯಾಕೆ ಬೇಕು?"

ಇದು ಬರೀ ಊಹೆ. ಆದರೆ ಒಂದು ವರ್ಷದಿಂದ ಅದನ್ನೇ ಮೆಲುಕು ಹಾಕಿಕೊಂಡು ಕೂತವರಿಗೆ ಊಹೆಗೂ ನಿಜಕ್ಕೂ ವ್ಯತ್ಯಾಸ ಉಳಿದಿರಲಿಲ್ಲ. ಮೇಷ್ಟ್ರಿಗೆ ನಾನು ಬೇಡವಾಗಿದ್ದೆನೇ? ಬೇಡವಾಗಿದ್ದರೆ ಯಾಕೆ? ಡ್ರೈವರ ತಲೆಯಲ್ಲಿ ಬೇರೇನೂ ಇರಲಿಲ್ಲ. ಉತ್ತರ ಹೇಳಬೇಕಾದ ಮನುಷ್ಯ ಬೆನ್ನ ಹಿಂದೆಯೇ ಮಲಗಿದ್ದ, ತುಟಿ ಬಿಗಿದುಕೊಂಡು.

* * *

ದೋಣಿ ಸಣ್ಣದು, ಎರಡು ಹಾಯಿಯದು. ಭಾನುವಾರ ಬಂತೆಂದರೆ ಇಬ್ಬರೂ ಕಡಲಿಗೆ ಇಳಿಯಬೇಕು. ಮೇಷ್ಟ್ರು ಹಿಂದೆ ಕೂತು ಚುಕ್ಕಾಣಿ ಹಿಡಿಯುವರು, ಡ್ರೈವರು ಎದುರು ಸೀಟಿನಲ್ಲಿ. ವಾರವಿಡೀ ಸ್ಟೇರಿಂಗು ತಿರುಗಿಸಿ ಸಾಕಾದ ಡ್ರೈವರಿಗೆ ಒಂದು ದಿನವಾದರೂ ಇನ್ನೊಬ್ಬರು ತಿರುಗಿಸಲಿ ಎಂಬ ಆಸೆ. ಗಾಳಿ ಜೋರಾದರೆ ಮುಂದಿನ ಹಾಯಿಯನ್ನು ಇಳಿಸಬೇಕು. ಅದಕ್ಕೆ ಒಬ್ಬರು ದೋಣಿಯ ಮೂತಿಗೇ ಹೋಗಿ, ಮುಖಕ್ಕೆ ನೀರು ಹೊಡೆಸಿಕೊಂಡು, ಪಟಪಟ ಬಡಿಯುವ ಬಟ್ಟೆಯನ್ನು ತಬ್ಬಿ ಕೆಳಗೆಳೆಯಬೇಕು. ಅದು ಡ್ರೈವರ ಕೆಲಸ.

"ಇಳಿಸೋ!"

"ಇಳಿಸ್ತಾ ಇದೀನಿ, ಕಿರಿಚ್ಬೇಡ! ಇದು ನಿನ್ನ ಕ್ಲಾಸಲ್ಲ!"

ಇಡೀ ದಿನಕ್ಕೆ ಇಬ್ಬರೂ ಆಡಿದ ಮಾತು ಅಷ್ಟೇ ಆಗಿರುತ್ತಿತ್ತು. ಅದೇ ಅವರಿಗೆ ಹಿತವಾಗಿತ್ತು.

ಹೋದ ವರ್ಷ ಮಂಡಿ ಕೈಕೊಟ್ಟಿತು. ಒದ್ದೆ ಹಲಗೆಯ ಮೇಲೆ ಜಾರಿದ ಡ್ರೈವರು ಕಂಬಿ ಕೈಗೆ ಸಿಕ್ಕಿದ್ದಕ್ಕೆ ಬದುಕಿಕೊಂಡರು. ದಡ ಮುಟ್ಟುವವರೆಗೂ ಮೇಷ್ಟ್ರ ಮುಖದಲ್ಲಿ ರಕ್ತವಿರಲಿಲ್ಲ.

"ಇನ್ಮೇಲೆ ನೀನು ಮುಂದೆ ಹೋಗೋದು ಬೇಡ. ಫರ್ಲರ್ ಹಾಕಿಸ್ತೀನಿ," ಎಂದರು.

ಫರ್ಲರ್ ಎಂದರೆ ಮುಂದಿನ ಹಾಯಿಯನ್ನು ಚಾಪೆಯ ಹಾಗೆ ಸುತ್ತಿಡುವ ಸಾಧನ. ಮೂತಿಯಲ್ಲಿ ಒಂದು ಡ್ರಮ್ಮು. ಅದರ ಹಗ್ಗವನ್ನು ಹಿಂದಕ್ಕೆ ತಂದಿರುತ್ತಾರೆ. ಕೂತಲ್ಲೇ ಆ ಹಗ್ಗ ಎಳೆದರೆ ಡ್ರಮ್ಮು ತಿರುಗಿ, ಹಾಯಿ ತಾನಾಗಿ ಸುತ್ತಿಕೊಳ್ಳುತ್ತದೆ.

ಇಬ್ಬರೂ ಬಂದರಿನ ಅಂಗಡಿಗೆ ಹೋದರು. ದೋಣಿ ಸಾಮಾನು ಮಾರುವ, ತಾನೇ ಜೋಡಿಸಿಯೂ ಕೊಡುವ ಅಂಗಡಿಯಾಕೆ ಒಂದೊಂದನ್ನೇ ಮೇಜಿನ ಮೇಲಿಟ್ಟು ತೋರಿಸಿದಳು.

"ಇದೊಂದು ಹಾಕಿಸ್ಕೊಂಡ್ಬಿಡಿ ಮೇಷ್ಟ್ರೇ. ನೀವೊಬ್ಬರೇ ಆರಾಮಾಗಿ ಹೋಗಿಬರಬಹುದು, ಯಾರ ಹಂಗೂ ಬೇಡ."

"ಹೌದೌದು," ಎಂದರು ಮೇಷ್ಟ್ರು. ಅವರು ಕನ್ನಡಕ ಹಣೆಗೇರಿಸಿಕೊಂಡು ಡ್ರಮ್ಮಿನ ಬೇರಿಂಗಿನೊಳಗೆ ಇಣುಕುತ್ತಿದ್ದರು. ಆ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ ಹೇಳುವುದು ಕಷ್ಟ. ಪಕ್ಕದಲ್ಲಿದ್ದವರ ಕಿವಿಗಂತೂ ಬಿತ್ತು.

"ನಂಗೆ ಸ್ವಲ್ಪ ಕೆಲಸ ಇದೆ," ಎಂದು ಡ್ರೈವರು ಎದ್ದು ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮೇಷ್ಟ್ರು ಫೋನು ಮಾಡಲಿ ಎಂದು ಇವರು ಕಾದರು. ಮುನಿಸಿಕೊಂಡವನು ತಾನೇ ಬರುತ್ತಾನೆ ಎಂದು ಅವರು ಕಾದಿರಬೇಕು. ಹಟಕ್ಕೆ ಬಿದ್ದ ಮುದುಕರಿಗಿಂತ ಎಳೆ ಮಕ್ಕಳೇ ವಾಸಿ. ಒಮ್ಮೆ ಔಷಧಿ ಅಂಗಡಿಯ ಮುಂದೆ ಎದುರುಬದುರಾದಾಗ ಒಬ್ಬರು ಬೋರ್ಡು ಓದತೊಡಗಿದರು, ಇನ್ನೊಬ್ಬರು ಕೈಗಡಿಯಾರ ನೋಡಿಕೊಂಡರು.

* * *

ಮಣ್ಣು ಮಾಡುವುದು ಬೇಗ ಮುಗಿಯಿತು. ಹಿಡಿ ಮಣ್ಣು ಹಾಕುವವರ ಸಾಲು ಶುರುವಾಗುವಷ್ಟರಲ್ಲೇ ಮುಗಿದುಹೋಯಿತು. ಡ್ರೈವರಿಗೆ ಅಳು ಬರಲಿಲ್ಲ. ಅಳಲು ತನಗೆ ಹಕ್ಕಿದೆಯೋ ಇಲ್ಲವೋ ಎಂಬುದೇ ಅವರಿಗೆ ತಿಳಿಯಲಿಲ್ಲ.

ಸ್ಮಶಾನದ ಗೇಟಿನ ಹತ್ತಿರ ಅಂಗಡಿಯಾಕೆ ಹಿಂದಿನಿಂದ ಬಂದಳು.

"ಡ್ರೈವರಣ್ಣ, ದೋಣಿ ಮಾರಿಸಿಕೊಡಿ ಅಂತ ಆ ಹುಡುಗಿ ನಂಗೆ ಹೇಳಿದಾಳೆ. ಅದರೊಳಗೆ ನಿಮ್ಮ ಸಾಮಾನೇನಾದ್ರೂ ಇದ್ರೆ ಬಂದು ತಗೊಂಡ್ಬಿಡಿ."

"ನಂದೇನಿಲ್ಲ."

"ಒಂದ್ಸಲ ಬಂದು ನೋಡಿ ಅಂದೆ."

ಇಬ್ಬರೂ ಇಳಿಜಾರಿನ ರಸ್ತೆ ಹಿಡಿದು ಬಂದರಿನ ಕಡೆಗೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ಡ್ರೈವರು ಕೊನೆಗೂ ತಡೆಯಲಾರದೆ ಕೇಳಿದರು. "ಯಾವುದು ಆರಿಸಿದ್ರು, ಅದೇ, ಫರ್ಲರು?"

"ಅಯ್ಯೋ, ಅದನ್ನ ಕೇಳ್ಬೇಡಿ! ಪ್ರಾಣ ತಿಂದ್ಬಿಟ್ರು. ಶನಿವಾರ ಬಂತೂ ಅಂದ್ರೆ ಸ್ಟೂಲ್ ಎಳ್ಕೊಂಡು ಕೂತ್ಕೊಳ್ಳೋರು. ಇದರ ಡ್ರಮ್ಮು ಚಿಕ್ಕದು, ಎಳೆಯೋಕೆ ಭಾರ. ಅದರಲ್ಲಿ ಹಗ್ಗ ಸಡಿಲ ಬಿಟ್ರೆ ಸಿಕ್ಕಾಗುತ್ತೆ. ಗುಂಡಿ ಒತ್ತಿದ್ರೆ ತಾನೇ ಸುತ್ತೋದು ಒಂದಿದೆ, ಕರೆಂಟಿಂದು. ಅದನ್ನ ತೋರಿಸಿದ್ರೆ ಕೋಪ ಬೇರೆ. 'ಗುಂಡಿ ಒತ್ತೋಕೆ ನಾನೊಬ್ಬ ಸಾಲ್ದಾ? ಕೈಯಲ್ಲಿ ಎಳೆಯೋದೇ ಬೇಕು, ಆದ್ರೆ ಕೂತ್ಕೊಂಡೇ ಎಳೆಯೋ ಹಾಗಿರ್ಬೇಕು,' ಅಂತ."

"ಕೂತ್ಕೊಂಡೇನಾ?"

"ಹ್ಞೂಂ. ದಿನಾ ಮೂರು ಮಹಡಿ ಹತ್ತಿಳಿಯೋ ಮನುಷ್ಯ, ಏನಾಗಿತ್ತೋ. ಅಂತೂ ದೊಡ್ಡ ಡ್ರಮ್ಮಿಂದು ಒಂದು ಒಪ್ಪಿದ್ರು. ಎರಡು ತಿಂಗಳ ಹಿಂದೆ ನಾನೇ ಹಾಕಿಕೊಟ್ಟೆ."

ಡ್ರೈವರು ನಡಿಗೆ ನಿಧಾನ ಮಾಡಿದರು. "ನನ್ನ ಸುದ್ದಿ ಏನಾದ್ರೂ ತೆಗೀತಿದ್ನಾ?"

ಅಂಗಡಿಯಾಕೆ ಯೋಚಿಸಿದಳು. ಸುಳ್ಳು ಹೇಳಿ ಸಮಾಧಾನ ಮಾಡುವ ಹೆಂಗಸಲ್ಲ ಅವಳು. "ಇಲ್ಲ ಡ್ರೈವರಣ್ಣ. ಒಂದಿನಾನೂ ಇಲ್ಲ."



ದೋಣಿ ಕಟ್ಟೆಯ ತುದಿಯಲ್ಲಿತ್ತು. ಅದನ್ನು ಕಂಡ ಡ್ರೈವರು ನಿಂತುಬಿಟ್ಟರು. ನೀರಿನ ಮಟ್ಟದ ಸುತ್ತಲೂ ಹಸಿರು ಪಾಚಿ ಗಡ್ಡ ಬಿಟ್ಟಂತೆ ಇಳಿಬಿದ್ದಿತ್ತು, ಅದರ ಕೆಳಗೆ ಚಿಪ್ಪು ಕಚ್ಚಿತ್ತು. ವಾರವಾರ ಓಡಾಡುವ ದೋಣಿಗೆ ಇಷ್ಟು ಪಾಚಿ ಹಿಡಿಯುವುದಿಲ್ಲ.

"ಇದೇನು, ಹೊರಗೇ ತಗೊಂಡ್ಹೋಗಿಲ್ವಾ?"

"ಎಲ್ಲಿ ಹೋದ್ರು? ನೀವು ಬರೋದು ಬಿಟ್ಟ ಮೇಲೆ ಕಟ್ಟಿದ ಹಗ್ಗ ಬಿಚ್ಚಿದ್ದನ್ನ ನಾನು ನೋಡಿಲ್ಲ. ಫರ್ಲರ್ ಹಾಕಿದ ಮೇಲೂ ಅಷ್ಟೇ. ಭಾನುವಾರ ಬೆಳಿಗ್ಗೆ ಬರೋರು, ಚುಕ್ಕಾಣಿ ಹತ್ರ ಕೂತ್ಕೊಂಡು ರಸ್ತೆ ಕಡೆ ನೋಡ್ತಾ ಇರೋರು. ಮಧ್ಯಾಹ್ನ ಎದ್ದು ಹೋಗೋರು."

ಡ್ರೈವರು ಕಂಬಿ ಹಿಡಿದು, ಮಂಡಿಯನ್ನು ಜೋಪಾನ ಮಾಡಿಕೊಂಡು ದೋಣಿಗೆ ಇಳಿದರು. ಮೂತಿಯಲ್ಲಿ ಹೊಸ ಡ್ರಮ್ಮು ಮಿಂಚುತ್ತಿತ್ತು. ಹಾಯಿ ನೀಟಾಗಿ ಸುತ್ತಿಕೊಂಡು ನಿಂತಿತ್ತು.

"ಒಂದು ಕೆಲಸ ಬಾಕಿ ಇದೆ," ಎಂದು ಅಂಗಡಿಯಾಕೆ ಕಟ್ಟೆಯ ಮೇಲಿಂದಲೇ ಗೊಣಗಿದಳು. "ಮಾರೋಕೆ ಮುಂಚೆ ಆ ಹಗ್ಗ ಸರಿಮಾಡ್ಬೇಕು. ನೋಡಿದೋರು ನಂಗೆ ಬುದ್ಧಿ ಇಲ್ಲ ಅಂದ್ಕೋತಾರೆ. ಎಲ್ಲರೂ ಚುಕ್ಕಾಣಿ ಪಕ್ಕಕ್ಕೆ ತಂದು ಕಟ್ಟಿಸ್ತಾರೆ, ಒಬ್ಬರೇ ಇದ್ರೂ ಕೈಗೆ ಸಿಗ್ಲಿ ಅಂತ. ಈ ಮನುಷ್ಯ ಕೇಳಲಿಲ್ಲ. ಅಲ್ಲಿ, ಆ ಎದುರು ಸೀಟಿನ ಮೂಲೆಗೇ ಬರ್ಬೇಕು ಅಂತ ಹಟ. 'ಅಲ್ರೀ, ಹಗ್ಗ ಎಳೆಯೋಕೆ ಚುಕ್ಕಾಣಿ ಬಿಟ್ಟು ಎದ್ದು ಹೋಗ್ಬೇಕಾಗುತ್ತೆ, ಒಬ್ಬರೇ ಹೋದ್ರೆ ಹೇಗೆ?' ಅಂದೆ. 'ನಾನೊಬ್ಬನೇ ಹೋಗ್ತೀನಿ ಅಂತ ನಿಂಗ್ಯಾರು ಹೇಳಿದ್ದು?' ಅಂತ ನನ್ನ ಮೇಲೇ ರೇಗಿದ್ರು."

ಡ್ರೈವರು ತಿರುಗಿ ನೋಡಲಿಲ್ಲ. ಹಗ್ಗದ ಜಾಡು ಹಿಡಿದು ಅವರ ಕಣ್ಣು ಡ್ರಮ್ಮಿನಿಂದ ಹಿಂದಕ್ಕೆ, ಹಗ್ಗ ತೂರಿಸಿದ ಒಂದೊಂದೇ ಬಳೆ ದಾಟಿ ಬಂತು. ಎದುರು ಸೀಟಿಗೆ ಮೆತ್ತೆ ಹೊಲಿಸಿ ಹಾಕಿದ್ದರು, ಕಾಲು ನೀಡಿಕೊಳ್ಳಲು ಮುಂದೆ ಒಂದು ಹಲಗೆಯನ್ನೂ ಬಡಿಸಿದ್ದರು. ಅವರು ಮೆಲ್ಲಗೆ ಕೂತರು, ಕಾಲು ನೀಡಿದರು. ಮಂಡಿ ಮಡಿಸುವ ಅಗತ್ಯವೇ ಇರಲಿಲ್ಲ. ಹಗ್ಗದ ತುದಿ ಸರಿಯಾಗಿ ಬಲಗೈಗೇ ಬಂತು.

ಕೂತಲ್ಲಿಂದಲೇ ಅವರು ಇನ್ನೊಂದು ಕೈಯನ್ನು ಚುಕ್ಕಾಣಿಯ ಕಡೆಗೆ ಚಾಚಿ ನೋಡಿದರು. ಎಟುಕಲಿಲ್ಲ. ಇನ್ನಷ್ಟು ಬಾಗಿದರೂ ಎಟುಕಲಿಲ್ಲ.

"ಅಲ್ವೋ, ಒಂದು ಫೋನ್ ಮಾಡೋಕೆ ಏನಾಗಿತ್ತೋ ನಿಂಗೆ?" ಎಂದರು. ಅಷ್ಟು ಹೇಳುವಾಗ ಅಳು ಒತ್ತರಿಸಿಕೊಂಡು ಬಂತು. ಬೆಳಗಿನಿಂದ ಬಾರದ್ದು ಒಟ್ಟಿಗೇ ಬಂತು. "ನಂಗಾದ್ರೂ ಏನಾಗಿತ್ತು?"

ಕಟ್ಟೆಯ ಮೇಲೆ ಅಂಗಡಿಯಾಕೆಗೆ ಏನೂ ಕೇಳಿಸಿರಲಿಲ್ಲ. "ಡ್ರೈವರಣ್ಣ, ಆ ಹಗ್ಗ ಬಿಚ್ಚಿ ಈಗ್ಲೇ ಹಿಂದಕ್ಕೆ ಎಳೆದು ಹಾಕಿಬಿಡ್ಲಾ?" ಎಂದು ಕೂಗಿದಳು.

"ಮುಟ್ಟಬೇಡಮ್ಮಾ. ಇವತ್ತೊಂದು ದಿನ ಇರ್ಲಿ."

ಯಾವುದೋ ದೊಡ್ಡ ದೋಣಿ ಬಂದರಿನಿಂದ ಆಚೆಗೆ ಹೊರಟಿತ್ತು. ಅದರ ಅಲೆ ಕಟ್ಟೆಯವರೆಗೂ ಬಂದು ಇವರ ದೋಣಿಯನ್ನು ಒಮ್ಮೆ ಎತ್ತಿ ಇಳಿಸಿತು. ಡ್ರೈವರು ಹಗ್ಗ ಬಿಡದೆ ಕೂತೇ ಇದ್ದರು. ಎದುರಿಗೆ ಯಾರೂ ಹಿಡಿಯದ ಚುಕ್ಕಾಣಿ ಅತ್ತ ಹೋಯಿತು, ಇತ್ತ ಬಂತು.