ದಾಳಿಂಬೆ ಗಿಡದ ತನಕ ಪೈಪು

ಬಿಳಿ ದಾರ ನಡುಗುತ್ತಿದೆ, ಗಾಳಿಗಲ್ಲ, ಎಲೆ ಅಲುಗುವಷ್ಟೂ ಗಾಳಿ ಇಲ್ಲ, ಆ ತುದಿಯಲ್ಲಿ ಕೂಲಿ ಹುಲುಗಣ್ಣನ ಗುದ್ದಲಿ ನೆಲಕ್ಕೆ ಬಿದ್ದಾಗೊಮ್ಮೆ ನಡುಗುತ್ತದೆ, ಬಾವಿಕಟ್ಟೆಯ ಗೂಟದಿಂದ ಹಿಂದಿನ ಗೋಡೆಯ ಗೂಟದವರೆಗೆ ಹಿತ್ತಲಿನುದ್ದಕ್ಕೂ ಇವರೇ ಎಳೆದು ಕಟ್ಟಿದ್ದು, ನನ್ನ ಗಂಡ, ಗಿರಣಿ ಜಂಬಣ್ಣನವರು, ಇವತ್ತು ಹಿಟ್ಟಿನ ಗಿರಣಿಗೆ ಬೀಗ ಹಾಕಿ ಪಂಚೆ ಎತ್ತಿ ಕಟ್ಟಿ ನಿಂತಿದ್ದಾರೆ, ಮದುವೆ ಚಪ್ಪರ ಹಾಕಿಸುವವರ ಹಾಗೆ ಸಂಭ್ರಮ, ನೂರಾ ಇಪ್ಪತ್ತಡಿ ಉದ್ದದ ಹಿತ್ತಲು, ಅಗಲ ಕೇಳಬೇಡಿ, ಎರಡು ಚಕ್ಕಡಿ ಜೋಡಿ ನಿಂತರೆ ಮುಗಿಯಿತು, ದಾವಣಗೆರೆಯಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ ಕರಿ ಪೈಪು ನುಗ್ಗೆ ಮರದ ಕೆಳಗೆ ಸುರುಳಿ ಬಿದ್ದಿದೆ, ನಿನ್ನ ನಡ ಮುರುದು ಹೋತು ಅನ್ನದಾನಿ, ಹನ್ನೊಂದು ವರ್ಷ ಕೊಡ ಹೊತ್ತಿ, ಸಾಕು, ಇನ್ನ ಮೋಟರಿನ ಗುಂಡಿ ಒತ್ತಿದ್ರ ನೀರು ತಾನ ನಡಕೊಂತ ದಾಳಿಂಬಿ ಗಿಡದ ತನಕ ಹೋಗತೈತಿ ಎಂದರು. ನನಗಾಗಿಯೇ ಮಾಡುತ್ತಿದ್ದಾರೆ, ಅದೇ ನನ್ನ ಕೊರಳಿಗೆ ಬಂದಿರುವುದು, ಬೈಯುವ ಹಾಗೂ ಇಲ್ಲ, ದಾರ ದಾಳಿಂಬೆಯ ಬುಡದಿಂದ ಒಂದು ಗೇಣು ದೂರ, ಒಂದೇ ಗೇಣು, ಗುದ್ದಲಿಯ ಬಾಯಿ ಅದಕ್ಕಿಂತ ಅಗಲ. ಬಚ್ಚಲ ಗೋಡೆ ಪಕ್ಕದ ಒಗೆಯುವ ಕಲ್ಲಿನ ಮೇಲೆ ಇವರ ಅಂಗಿ ಬಡಿಯುತ್ತಿದ್ದೇನೆ, ಅದೇ ತೋಳು ಎಷ್ಟು ಸಲ ತಿಕ್ಕಿದೆನೋ, ಹುಲುಗಣ್ಣ ಗೋಡೆಯ ಕಡೆಯಿಂದ ಅಗೆದುಕೊಂಡು ಬರುತ್ತಿದ್ದಾನೆ, ಗಿಡಕ್ಕೆ ಇನ್ನು ಆರು ಮೊಳ, ಈಗ ಐದೂವರೆ, ಶಿವನೇ, ಅವನ ಕೈಗೆ ಒಂದು ಬೊಬ್ಬೆ ಬರಬಾರದೇ.

ಒಂಬತ್ತೇ ದಿನ ಇದ್ದಳು ನನ್ನ ಕೂಸು, ಯುದ್ಧದ ವರ್ಷ, ಆಚೆಮನೆಯ ರೇಡಿಯೋ ಢಾಕಾ ಢಾಕಾ ಎಂದು ಒದರುತ್ತಿತ್ತು, ಇವರು ಗಿರಣಿಯ ಬೆಲ್ಟ್ ತರಲು ದಾವಣಗೆರೆಗೆ ಹೋಗಿದ್ದರು, ಎಡಗೈಗೆ ನಾನೇ ಪೋಣಿಸಿ ಕಟ್ಟಿದ್ದೆ ದೃಷ್ಟಿಮಣಿ, ಏಳು ಕರಿ, ಒಂದು ಬಿಳಿ, ಬೆಳಿಗ್ಗೆ ಮೊಲೆ ಹಿಡಿಯಲಿಲ್ಲ, ಮಧ್ಯಾಹ್ನಕ್ಕೆ ಅತ್ತೆ ಗುರುಬಸಮ್ಮ ನನ್ನ ಮಡಿಲಿಂದ ಎತ್ತಿಕೊಂಡಳು, ಕೊಡವ್ವ, ಕೊಡು, ಇನ್ನ ಅದರಾಗ ಏನೂ ಇಲ್ಲ, ಸೂಲಗಿತ್ತಿ ದ್ಯಾಮಕ್ಕ ಹಿಂದೆಯೇ ಹೋದಳು, ಬಾಣಂತಿ ಕೋಣೆಯ ಅಗಳಿ ಹೊರಗಿನಿಂದ ಬಿತ್ತು, ಹಿತ್ತಲಿನಲ್ಲಿ ಗುದ್ದಲಿಯ ಸಪ್ಪಳ, ಕಿವಿ ಗೋಡೆಗೆ ಹಚ್ಚಿದೆ, ಹತ್ತಿರವೋ ದೂರವೋ ಗೊತ್ತಾಗಲಿಲ್ಲ, ಎದೆಯಿಂದ ಹಾಲು ಸುರಿದು ಸೀರೆ ತೊಯ್ದಿತ್ತು. ಎಲ್ಲಿ ಇಟ್ರಿ ಅತ್ತಿ, ಅಷ್ಟು ಹೇಳ್ರಿ ಸಾಕು. ಕೇಳಬಾರ್ದು, ಹೆಸರಿಡದ ಕೂಸಿನ ಜಾಗ ಹೆತ್ತಾಕಿಗೆ ಹೇಳಿದ್ರ ಮುಂದಿನ ಬಸಿರು ನಿಲ್ಲೂದಿಲ್ಲ. ಹೇಳಲಿಲ್ಲ, ಮುಂದೆ ಬಸಿರೂ ಬರಲಿಲ್ಲ, ಎರಡೂ ಹೋಯಿತು ನನಗೆ. ಇವರು ಬಂದವರು ಗಿರಣಿಯಲ್ಲೇ ಮೂರು ದಿನ ಮಲಗಿದರು, ಒಮ್ಮೆಯೂ ಕೇಳಲಿಲ್ಲ, ಗಂಡಸರು ಕೇಳುವುದಿಲ್ಲ. ಮುಂದಿನ ವಾರವೇ ಅತ್ತೆ ಹಿತ್ತಲಿನ ಕೊನೆಯಲ್ಲಿ ದಾಳಿಂಬೆ ಸಸಿ ನೆಟ್ಟಳು, ಇದ್ದಕ್ಕಿದ್ದಂತೆ ಯಾಕೆ ನೆಟ್ಟಾಳು, ನನಗೆ ತಿಳಿಯಿತು, ಯಾರೂ ಹೇಳಲಿಲ್ಲ, ನಾನೇ ತಿಳಿದುಕೊಂಡೆ, ಅಂದಿನಿಂದ ದಿನಕ್ಕೆ ಎರಡು ಕೊಡ, ಮಳೆ ಬಂದ ದಿನವೂ ಎರಡು ಕೊಡ, ಏನ್ ಹುಚ್ಚವ್ವ ನಿಂದು, ಮಳಿ ಬರಾಕಹತ್ತೈತಿ ಎಂದು ಆಚೆಮನೆಯವರು ನಗುತ್ತಿದ್ದರು, ನಗಲಿ, ಹೆತ್ತವರಿಗೆ ಹೆಗ್ಗಣ ಮುದ್ದು. ಮೊದಲ ಹಣ್ಣು ಬಿಟ್ಟಾಗ ತಿನ್ನಲಾಗಲಿಲ್ಲ, ಒಡೆದು ಕಾಳು ನೋಡಿ ಹಾಗೇ ಮುಚ್ಚಿ ಬುಡದಲ್ಲಿ ಇಟ್ಟುಬಂದೆ.

ಅತ್ತೆಗೆ ಮಾತ್ರ ನನ್ನ ಕೊಡ ಕಂಡರೆ ಆಗುತ್ತಿರಲಿಲ್ಲ, ಅಷ್ಟು ದೂರ ಯಾಕ ಹೊರ್ತಿ, ಇಲ್ಲೇ ಹಾಕು, ಕೆರಿಗೂ ಹೋಗಬ್ಯಾಡ, ಈ ಕಲ್ಲಿನ ಮ್ಯಾಲೇ ಒಗಿ, ದಿನಾ ನಾಕು ಕೊಡ ಬೀಳ್ಲಿ, ಕಲ್ಲು ಒಣಗಾಕ ಬಿಡಬ್ಯಾಡ. ಕಲ್ಲಿಗೂ ಬಾಯಾರಿಕೆಯೇ ಎಂದು ಒಳಗೊಳಗೇ ಬೈದುಕೊಂಡು ಒಗೆದೆ, ಒಗೆಯುತ್ತಲೇ ಇದ್ದೇನೆ, ಕೊನೆಗೆ ಲಕ್ವ ಹೊಡೆದು ಬಾಯಿ ಸೊಟ್ಟಗಾಗಿ ಮಲಗಿದಾಗಲೂ ಅವಳ ಒಂದೇ ಒಳ್ಳೆಯ ಕೈ ಹಿಂಬಾಗಿಲ ಕಡೆಗೇ, ಬಚ್ಚಲಿಗೇನ್ರಿ ಅತ್ತಿ, ತಲೆ ಅಲ್ಲಾಡಿಸುವಳು, ಕಣ್ಣಲ್ಲಿ ನೀರು, ಆ ಕಣ್ಣೀರು ಕಂಡು ನನಗೆ ಅಯ್ಯೋ ಅನಿಸಲಿಲ್ಲ, ನನ್ನಿಂದ ಮುಚ್ಚಿಟ್ಟೆಯಲ್ಲ, ಈಗ ನೀನೂ ಹೇಳಲಾರದೆ ಒದ್ದಾಡು ಅನಿಸಿತು, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ. ಹಾಗೇ ಹೋದಳು, ಪಾಪಿ ನಾನು. ನಾಲ್ಕು ಮೊಳ, ಮೂರೂವರೆ, ಹುಲುಗಣ್ಣ ಬೀಡಿಗೂ ನಿಲ್ಲುವುದಿಲ್ಲ, ಇಂಥ ಕೆಲಸಗಾರ ಬೇರೆ ದಿನ ಸಿಕ್ಕಿದ್ದರೆ ಊಟಕ್ಕೆ ಹೋಳಿಗೆ ಹಾಕುತ್ತಿದ್ದೆ, ಕೈಯಲ್ಲಿ ಒದ್ದೆ ಅಂಗಿ ಹಿಡಿದೇ ಓಡುತ್ತಿದ್ದೇನೆ, ಬಾಳೆ ದಾಟಿ, ಮಲ್ಲಿಗೆ ದಾಟಿ, ನಿಲ್ಸೋ ಹುಲುಗಣ್ಣ, ಏನ್ರಿ, ದಾರ ಈಚಿಗೆ ತಗೀರಿ, ಗಿಡದ ಬ್ಯಾರು ಕಡೀತೈತಿ. ಬ್ಯಾರು ಕಡದ್ರ ಚಿಗೀತೈತಿ ಬಿಡು, ಸೊಟ್ಟ ಮಾಡಿದ್ರ ಎಲ್ಬೋ ಹಾಕಬೇಕು, ನೀರಿನ ಜೋರು ಅಲ್ಲೇ ಸತ್ತುಹೋಗತೈತಿ, ನೆಟ್ಟಗಿದ್ರನ ಕೊನಿಗೆ ಮುಟ್ಟೂದು. ಕನಸಿನಾಗ ದೇವಿ ಉಚ್ಚಂಗೆಮ್ಮ ಬಂದಿದ್ಲು, ಇಲ್ಲಿ ಅಗೀಬ್ಯಾಡ ಅಂದ್ಲು ಎಂದು ಸುಳ್ಳು ಕಟ್ಟಿದೆ. ಹೌದಾ, ಆಕಿಗೆ ಪೈಪಿನ ಲೆಕ್ಕ ಗೊತ್ತೈತೇನು ಎಂದು ನಗುತ್ತಾರೆ, ಹುಲುಗಣ್ಣನೂ ನಗುತ್ತಾನೆ, ನಗುತ್ತಲೇ ಗುದ್ದಲಿ ಎತ್ತುತ್ತಾನೆ, ನನ್ನ ಗಂಟಲಿನಿಂದ ಯಾರದೋ ದನಿ ಹೊರಟಿತು, ಅಲ್ಲಿ ನನ್ನ ಕೂಸೈತ್ರಿ, ನಮ್ಮ ಕೂಸು, ಗುದ್ದಲಿ ಹಾಕಬ್ಯಾಡ್ರಿ.

ಇವರ ಮುಖದ ನಗು ಹೋಗಲು ಎಷ್ಟು ಹೊತ್ತು ಹಿಡಿಯಿತು, ಹೋದ ಮೇಲೆ ಅಲ್ಲಿ ಏನೂ ಉಳಿದಿರಲಿಲ್ಲ, ಗಿಡ ನೋಡಿದರು, ನನ್ನನ್ನು ನೋಡಿದರು, ಅದಕ್ಕ ಕೊಡ ಹೊರ್ತಿದ್ದಿಯೇನು, ಅಷ್ಟೇ ಅಂದರು, ಹುಲುಗಣ್ಣ ತಲೆಯ ಟವೆಲ್ ತೆಗೆದು ಬಗಲಲ್ಲಿ ಇಟ್ಟುಕೊಂಡ. ಒಂದೇ ತುದಿ ಸರಿಸಿದರೆ ದಾರ ಬಾಳೆಯ ಬುಡಕ್ಕೆ ಬರುತ್ತಿತ್ತು, ಎರಡೂ ಗೂಟ ಇವರೇ ಕಿತ್ತರು, ಎರಡೆರಡು ಮೊಳ ಈಚೆಗೆ ಬಡಿದರು, ಒಂದೇಟು ಹೆಬ್ಬೆರಳಿಗೆ ಬಿತ್ತು, ದಾರ ಮತ್ತೆ ಬಿಗಿಯಾಯಿತು, ಗಿಡದಿಂದ ದೂರ, ಸಾಕಷ್ಟು ದೂರ, ನನಗೆ ಉಸಿರು ಬಂತು, ಯವ್ವಾ, ಉಳಿದುಕೊಂಡಿ ನನ್ನ ಬಂಗಾರಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಗಂಡನ ಬೆನ್ನು ಮುಟ್ಟಿ ಅತ್ತುಬಿಟ್ಟೆ. ಅಮ್ಮಾರ, ದಾರ ಈಗ ಒಗಿಯೋ ಕಲ್ಲಿನ ಮ್ಯಾಲ ಬಂತು ನೋಡ್ರಿ, ಕಲ್ಲು ಎತ್ತಬೇಕಾಗತೈತಿ, ಏನ್ ಮಾಡ್ಲಿ. ಎತ್ತೋ ಮಾರಾಯ, ಕಲ್ಲಿಗೇನು, ಎತ್ತು. ನಾನೇ ಅಂದೆ. ನನ್ನ ಬಾಯಿಂದಲೇ.

ಹಾರೆ ಸಂದಿಗೆ ಹೋಯಿತು, ಕಲ್ಲು ಬಿಡಲೊಲ್ಲದು, ಚಪ್ಪ್ ಎಂದು ಕೆಸರಿನಿಂದ ಕಿತ್ತು ಬಂತು, ಬಚ್ಚಲ ಗೋಡೆಗೆ ಒರಗಿಸಿದರು, ಅಡಿಭಾಗ ಕರ್ರಗೆ ಒದ್ದೆ, ಎರೆಹುಳ ಜೋತಾಡುತ್ತಿದ್ದವು, ಗುದ್ದಲಿ ಒಂದು, ಎರಡು, ಮೂರನೆಯದಕ್ಕೆ ಠಣ್, ಮಡಕೆಯ ಸಪ್ಪಳ, ಬಾಯಿ ಕೆಳಗೆ ಮಾಡಿ ಇಟ್ಟ ಗಡಿಗೆ, ಹುಲುಗಣ್ಣ ಬಗ್ಗಿದವನು ಗುದ್ದಲಿ ಅಲ್ಲೇ ಬಿಟ್ಟು ಹಿಂದೆ ಹಿಂದೆ ಸರಿದ, ಸಾವಕಾರ್ರ, ನೀವ ಬರ್ರಿ. ಇವರು ಬೊಗಸೆಯಲ್ಲಿ ಹಸಿಮಣ್ಣು ಎತ್ತಿದರು, ಮಣ್ಣಿನಲ್ಲಿ ಮಣಿ, ಬೆರಳಿನಿಂದ ಒರೆಸಿ ಎಣಿಸಿದೆ, ಏಳು ಕರಿ, ಒಂದು ಬಿಳಿ, ಮತ್ತೆ ಎಣಿಸಿದೆ. ಹನ್ನೊಂದು ವರ್ಷ ಅವಳ ಮೇಲೆ ಬಟ್ಟೆ ಬಡಿದೆನಲ್ಲ, ಆ ತುದಿಯ ಬರೀ ಗಿಡಕ್ಕೆ ಅಳುತ್ತ ನೀರು ಹೊತ್ತು ಇಲ್ಲಿ ಬಂದು ಬಡಿದೆನಲ್ಲ, ಅತ್ತೆಯ ಆ ಕೈ ಬಚ್ಚಲು ತೋರಿಸಲಿಲ್ಲ, ಇಲ್ಲಿ ಎಂದಿತು, ನಾಯಿ ಕೆದರಬಾರದೆಂದು ಕಲ್ಲು, ಕೂಸು ತಂಪಾಗಿರಲೆಂದು ನೀರು, ದಿನಾ ನಾಕು ಕೊಡ, ನನ್ನ ಕೈಯಿಂದಲೇ, ನನಗೇ ಹೇಳದೆ, ಇವರು ಏನೋ ಅನ್ನುತ್ತಿದ್ದಾರೆ, ಕೇಳುತ್ತಿಲ್ಲ, ಗೋಡೆಗೆ ಒರಗಿದ ಕಲ್ಲಿನ ಮೇಲೆ ಬಿಸಿಲು ಬಿದ್ದಿದೆ, ಅಂಚು ಬಿಳಿಚಿಕೊಂಡಿದೆ, ಒಂದು ಬೆರಳಷ್ಟು, ಎರಡು ಬೆರಳಷ್ಟು, ನಡುವೆ ಅಂಗೈಯಷ್ಟು ಕಪ್ಪು ಉಳಿದಿದೆ, ಕೊಡ ಎಲ್ಲಿ, ಯಾರಾದರೂ ಕೊಡ ತನ್ನಿ, ಕಲ್ಲು ಒಣಗುತ್ತಿದೆ, ಅತ್ತಿ, ಕಲ್ಲು ಒಣಗುತ್ತಿದೆ