ಚಿಮುಟದ ತುದಿ

೨೦೨೫ರ ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ, ಅಂಗಡಿಯ ಗೋಡೆಯ ಮೇಲಿನ ಎಲ್ಲ ಗಡಿಯಾರಗಳೂ ಅದನ್ನೇ ಹೇಳುತ್ತಿವೆ, ಒಂದೂ ಹಿಂದುಮುಂದಾಗಲು ಅಪ್ಪ ಬಿಡುವುದಿಲ್ಲ, ಆದರೆ ಅವಳ ಕಣ್ಣಿರುವುದು ಅಪ್ಪನ ಚಿಮುಟದ ತುದಿಯ ಮೇಲೆ, ಅದು ನಡುಗುತ್ತಿದೆ — ನಡುಗದೆ ಏನು ಮಾಡೀತು, ಅಪ್ಪ ಜಿಮ್ಮಿನಲ್ಲಿ ಕಬ್ಬಿಣದ ಬಾರನ್ನು ನೆಲದಿಂದ ಎತ್ತಿಳಿಸಿ ಅರ್ಧ ಗಂಟೆಯೂ ಆಗಿಲ್ಲ, ದಣಿದ ಸ್ನಾಯು ನಡುಗುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ, ಕಾಲೇಜಿನಲ್ಲಿ ಶರೀರಶಾಸ್ತ್ರ ಪಾಠ ಮಾಡುವವಳಿಗೆ ಇಷ್ಟು ಗೊತ್ತಿಲ್ಲವೇ, ಗೊತ್ತಿದ್ದೂ ಕಣ್ಣು ಕೀಳಲಾಗುತ್ತಿಲ್ಲ, ಜಿಮ್ಮಿಗೆ ಬರುವ ಮೊದಲು ಅಪ್ಪ ಹಾಕಿದ ಕರಾರು ಕರಾರೇ, ನೋಡು ಪುಟ್ಟೀ, ನಿನ್ನ ಹಟಕ್ಕೆ ಬರ್ತೀನಿ, ಆದ್ರೆ ಒಂದೇ ಒಂದು ಸ್ಕ್ರೂ ಕೈಯಿಂದ ಜಾರಿದ್ರೂ ಅವತ್ತಿಗೇ ನಿನ್ನ ಕಬ್ಬಿಣಕ್ಕೆ ದೊಡ್ಡ ನಮಸ್ಕಾರ. ಈ ಬೆರಳುಗಳನ್ನು ಅಪ್ಪ ಹಸುಗೂಸಿನ ಹಾಗೆ ಸಾಕಿದವನು, ಕೈ ಒರಟಾದ್ರೆ ಗಡಿಯಾರದವನ ಕಥೆ ಮುಗೀತು ಎನ್ನುತ್ತ ಚೀಲಗಳನ್ನೆಲ್ಲ ಅಮ್ಮನಿಂದ ಹೊರಿಸಿದವನು, ಪಾಪ ಅಮ್ಮ, ನಿಮ್ಮಪ್ಪನ ಕೈ ಬೆಣ್ಣೇಲಿ ಮಾಡಿದ್ದು, ಕರಗುತ್ತೆ ಕಣೇ — ಹಾಗೇ ಅಪ್ಪನಿಗೆ ಎಪ್ಪತ್ತೊಂದಾಯಿತು, ಕಳೆದ ವರ್ಷ ಒಂದು ಮಧ್ಯಾಹ್ನ ಕುರ್ಚಿಯಿಂದೇಳಲು ಮೇಜಿಗೆ ಕೈಯೂರಿ, ಮೇಜು ವಾಲಿ, ಬಿಚ್ಚಿಟ್ಟ ಗಡಿಯಾರ ಪೂರ್ತಿ ನೆಲದ ಪಾಲು, ಹುಡುಕಲು ಕೆಳಗೆ ಕೂತವನು ಏಳಲಾರದೇ ಹೋದ, ಅವಳು ಬಂದು ಕಂಕುಳಿಗೆ ಕೈ ಹಾಕಿ ಎಬ್ಬಿಸಬೇಕಾಯಿತು, ಅಂಗಡಿ ಮುಚ್ಚಿಬಿಡ್ತೀನಿ ಕಣೇ, ಮುಚ್ಚೋದು ಬೇಡಪ್ಪ, ಕಾಲಿಗೆ ಬಲ ಬರಲಿ, ಬೆನ್ನಿಗೆ ಬರಲಿ, ನನ್ನ ಜೊತೆ ಬಾ, ಎಷ್ಟು ಸಲ ಗೋಗರೆದಿದ್ದಳು. ಮೊದಲ ದಿನ ತರಬೇತಿಯ ಹುಡುಗಿ ಬನ್ನಿ ತಾತ ಎಂದದ್ದಕ್ಕೆ, ತಾತ ಅಂದ್ರೆ ತಿರುಗೂ ನೋಡಲ್ಲ, ಹಾಗಾದ್ರೆ ಬನ್ನಿ ಹೀರೋ, ಹೀರೋ ತಿರುಗಿದ, ಬರಿಗೈಯಲ್ಲಿ ಕೂತು ಎದ್ದ, ಮುಖ ಕೆಂಪು, ಇವತ್ತು ಬೆಳಿಗ್ಗೆ ಅದೇ ಹುಡುಗಿ, ನಲವತ್ತು ಕಿಲೋ ಹೀರೋ, ಪಾದ ಒತ್ತಿ, ಬೆನ್ನು ನೆಟ್ಟಗೆ, ಉಸಿರು ಬಿಗಿಹಿಡೀರಿ, ಬಾರ್ ನೆಲ ಬಿಟ್ಟಿತು, ಮೊಣಕಾಲು ದಾಟಿತು, ನಮ್ಮಪ್ಪ, ಅವರು ನಮ್ಮಪ್ಪ ಎಂದು ಯಾರೋ ಅಪರಿಚಿತನ ತೋಳು ಹಿಡಿದು ಹೇಳಿದ್ದಳು, ಅವನ ಕಿವಿಯಲ್ಲಿ ಹಾಡು, ಕೇಳಿಸಿರಲಿಕ್ಕಿಲ್ಲ, ಇರಲಿ. ಈಗ ಮೇಜಿನಾಚೆ ವಾಚು ರಿಪೇರಿಗೆ ಕೊಟ್ಟ ನರ್ಸ್ ನಿಂತಿದ್ದಾರೆ, ಡ್ಯೂಟಿಗೆ ಹೊತ್ತಾಯ್ತು ಸಾರ್, ಆಗುತ್ತಾ, ಚಿಮುಟದ ತುದಿ ಮತ್ತೆ ನಡುಗಿತು, ಸಂಜೆ ಕೊಡೋಣ ಬಿಡಪ್ಪ ಎಂದು ಬಾಯಿಗೆ ಬಂದದ್ದನ್ನು ನುಂಗಿದಳು, ಆದರೂ ಅವನಿಗೆ ಕೇಳಿಸಿತು, ಅವನಿಗೆ ಕೇಳಿಸುತ್ತದೆ, ಸುಮ್ನಿರೇ, ನೀನ್ಯಾಕೆ ಬೆವರ್ತಿದೀಯ, ಎತ್ತಿದ್ದು ನಾನು — ಜಾರಿದರೆ ಮುಗಿಯಿತು, ನಾಳೆಯಿಂದ ಜಿಮ್ಮಿಗೆ ಬರುವುದಿಲ್ಲ, ಮತ್ತೆ ಅದೇ ಕುರ್ಚಿ, ಅದೇ ಕಂಕುಳು, ಏನು ಮಾಡುತ್ತಿದ್ದಾನೆ, ಪಾದಗಳನ್ನು ನೆಲಕ್ಕೊತ್ತಿದ, ಬಾಗಿರುತ್ತಿದ್ದ ಬೆನ್ನು ನೆಟ್ಟಗಾಯಿತು, ಹೊಟ್ಟೆ ತುಂಬ ಉಸಿರೆಳೆದು ಬಿಗಿಹಿಡಿದ, ಅಯ್ಯೋ, ನಲವತ್ತು ಕಿಲೋಗೆ ಕಲಿತದ್ದನ್ನು ಒಂದು ಸ್ಕ್ರೂಗೆ, ನಗು ಬಂತು, ಕಣ್ಣೂ ಮಂಜಾಯಿತು, ಒರೆಸಿಕೊಂಡು ನೋಡಿದರೆ ಚಿಮುಟದ ತುದಿ ನಿಂತಿದೆ, ನಮ್ಮಪ್ಪ, ತುದಿಯಲ್ಲಿ ಸ್ಕ್ರೂ, ಅಲುಗುತ್ತಿಲ್ಲ, ತುದಿ ಅಲುಗುತ್ತಿಲ್ಲ, ಸ್ಕ್ರೂವಿನ ಅಗಲ ಅರ್ಧ ಮಿಲಿಮೀಟರ್.