ಗೋಡೆಯ ಮೇಲಿನ ಬೂಟು

ಮೀನು ಲಾರಿ, ತಿರುಗಿ ನೋಡಬೇಕಾಗಿಲ್ಲ, ಹಿಂದಿನ ಬಾಗಿಲ ಸಂದಿಯಿಂದ ಮಂಜುಗಡ್ಡೆಯ ನೀರು ಹೆದ್ದಾರಿಯುದ್ದಕ್ಕೂ ತೊಟ್ಟಿಕ್ಕುತ್ತ ಹೋಯಿತು, ಮುಂದೆ ಓಡುತ್ತಿದ್ದ ಕನ್ನಡಕದ ಹುಡುಗಿ ಮೂಗು ಮುಚ್ಚಿಕೊಂಡಳು, ಮುಚ್ಚಿಕೋ ಮಗಳೇ ಮುಚ್ಚಿಕೋ, ಬಂಗುಡೆ, ಅದೂ ನಿನ್ನೆಯದು, ಇಪ್ಪತ್ತಾರು ವರ್ಷ ಬುಟ್ಟಿ ಹೊತ್ತವಳಿಗೆ ವಾಸನೆಯಲ್ಲೇ ತಾರೀಕು ಸಿಗುತ್ತದೆ — ಎಡಗಾಲು, ಬಲಗಾಲು, ಕೋಟದ ಬಸ್‌ಸ್ಟಾಪು ಹಿಂದೆ ಬಿತ್ತು, ಬ್ರಹ್ಮಾವರದಲ್ಲಿ ಸೀಟಿ ಊದಿದ್ದು ಐದೂವರೆಗೆ, ಈಗ ಏಳು, ಹನ್ನೊಂದು ಕಿಲೋಮೀಟರ್ ಮುಗಿಯಿತು, ಇನ್ನು ಹತ್ತು, ಕುಂದಾಪುರದ ಗಾಂಧಿ ಮೈದಾನದಲ್ಲಿ ಎಂಟೂವರೆಗೆ ಓಡಿದವರ ಲೆಕ್ಕ ಹಿಡಿಯುವ ಯಂತ್ರದ ಚಾಪೆ ಸುತ್ತಿ ಎತ್ತಿಡುತ್ತಾರೆ, ಅಷ್ಟರೊಳಗೆ ನನ್ನ ಬೂಟು ಆ ಚಾಪೆಯನ್ನು ಮುಟ್ಟಬೇಕು, ಅದು ಕೀಂಕ್ ಅನ್ನಬೇಕು, ನನ್ನ ಹೆಸರು ಪಟ್ಟಿಯಲ್ಲಿ ಬರಬೇಕು, ಬಹುಮಾನ ಗಿಹುಮಾನ ನೀವೇ ಇಟ್ಟುಕೊಳ್ಳಿ, ನನಗೆ ಆ ಕೀಂಕ್ ಬೇಕು. ಕೈ ಬೀಸಿ ಜಲಜಕ್ಕ, ಕೈ ಬೀಸ್ದಿದ್ರೆ ವೇಗ ಬತ್ತಿಲ್ಲೆ, ಅಂದ ಮನೀಶ, ಓಟ ನಡೆಸುವ ಸಂಘದವನು, ಹೊರಡುವಾಗ — ಬೀಸುವುದಕ್ಕೆ ನನ್ನ ಕೈ ಯಾವತ್ತು ಖಾಲಿಯಿತ್ತು ಮಾರಾಯ, ಒಂದು ಕೈ ಬುಟ್ಟಿಗೆ, ಒಂದು ಕೈ ಸೆರಗಿಗೆ, ದೋಣಿ ದಡಕ್ಕೆ ತಾಗಿದ ಕೂಡಲೇ ಮೀನು ತುಂಬಿಸಿ ಏಳು ಗಂಟೆಯ ಬಾರ್ಕೂರು ಬಸ್ಸಿಗೆ ಓಡಿದವರು ನಾವು, ತಡವಾದವಳ ಮೀನು ಸಂಜೆಗೆ ಬೆಕ್ಕಿಗೆ, ಕುತ್ತಿಗೆ ಅಲ್ಲಾಡಬಾರದು, ನಡು ಮಾತ್ರ ಆಡಬೇಕು, ಹೀಗೆ, ಎಡಗಾಲು, ಬಲಗಾಲು, ನಾಲ್ವತ್ತೆಂಟು ವರ್ಷಕ್ಕೆ ಇದಕ್ಕೆ ಓಟ ಎಂಬ ಹೆಸರಿದೆಯೆಂದು ಗೊತ್ತಾಯಿತು ನನಗೆ. ಗಂಟಲು ಒಣಗುತ್ತಿದೆ, ನೀರಿನ ಮೇಜು ತೆಕ್ಕಟ್ಟೆಯಲ್ಲಿ ಇದೆಯಂತೆ.

ತೆಕ್ಕಟ್ಟೆ ಅಂದರೆ ಆ ಗೋಡೆ, ಬೇಡ ಅಂದರೂ ಬರುತ್ತದೆ ಕಣ್ಣಿಗೆ, ಕೆಂಪುಕಲ್ಲಿನ ಮೋಟು ಗೋಡೆ, ಅದರ ಮೇಲೆ ಎರಡು ಬೂಟು, ಮೂತಿ ರಸ್ತೆಗೆ. ಹೋದ ವರ್ಷ ನಾನೇ ಇಟ್ಟದ್ದು. ಅದು ನಮ್ಮ ಕಡಲ ದೈವ ಬೊಬ್ಬರ್ಯನ ಗುಡಿಯ ಗೋಡೆ, ಗುಡಿಯ ಎದುರು ನಮ್ಮವರು ಯಾರೂ ಚಪ್ಪಲಿ ಮೆಟ್ಟಿ ದಾಟುವುದಿಲ್ಲ, ಹೆಣೆ, ಬೊಬ್ಬರ್ಯನ ಎದ್ರ್ ಚಪ್ಪಲಿ ಹಾಯ್ಕಂಡ್ ಹೋಪುಕಾಗ, ಅಮ್ಮ ಹೇಳುತ್ತಿದ್ದಳು, ಅಪ್ಪನ ದೋಣಿ ಮಗುಚಿ ಮೂರು ದಿನಕ್ಕೆ ಅವ ಜೀವಂತ ಬಂದ ದಿನ ನನ್ನ ಕೈ ಹಿಡಿದು ಅಲ್ಲಿಗೆ ಬರಿಗಾಲಲ್ಲಿ ಓಡಿದ್ದಳು, ಬುಟ್ಟಿಯವರು ಚಪ್ಪಲಿಯನ್ನು ಗೋಡೆಯ ಮೇಲೆ ಬಿಟ್ಟು ಹೋಗುತ್ತಾರೆ, ಬರುವಾಗ ಮೆಟ್ಟಿಕೊಳ್ಳುತ್ತಾರೆ, ಕಳ್ಳನೂ ಮುಟ್ಟುವುದಿಲ್ಲ. ನಾನೂ ಬಿಟ್ಟೆ, ಬಿಟ್ಟು ಓಡಿದೆ, ಏಳು ಕಿಲೋಮೀಟರ್ ಬರಿಗಾಲಲ್ಲಿ ಓಡಿ ಮುಟ್ಟಿದೆ, ಕೊರಳಿಗೆ ಪದಕ ಹಾಕಿದರು, ಸೌಜನ್ಯ, ನನ್ನ ಮಗಳು, ಫೋಟೋ ತೆಗೆದಳು, ನಗುತ್ತಿದ್ದೆ ನಾನು, ದಡ್ಡಿ — ಓಡಿದವರ ಲೆಕ್ಕ ಇಡುವ ಆ ಉಗುರಿನಷ್ಟು ಚಿಪ್ ಬೂಟಿನ ಮೇಲಿದೆ, ಮನುಷ್ಯನ ಮೇಲಲ್ಲ, ಎಂದು ನನಗೇನು ಗೊತ್ತು. ಎಂಟು ದಿನಕ್ಕೆ ಮನೀಶನ ಫೋನು, ಜಲಜಕ್ಕ, ಬೂಟ್ ತೆಕ್ಕಟ್ಟೆಲಿತ್ತ್, ನೀವ್ ಕುಂದಾಪ್ರದಗಿದ್ರಿ, ನಡೂಗೆ ಏಳ್ ಕಿಲೋಮೀಟರ್ ಬರಿಗಾಲಗೆ ಓಡಿದ್ದ್ ಅಂದ್ರೆ ಯಾರ್ ನಂಬ್ತ್ರ್, ಪದಕ ವಾಪಸ್ ಕೊಡ್ಕಂಬ್ರ್. ಕೊಟ್ಟೆ, ಬಂಗುಡೆ ಕಟ್ಟುವ ಕಾಗದದಲ್ಲೇ ಸುತ್ತಿ ಕಳುಹಿಸಿದೆ. ಆದರೆ ಪದ್ದು ಬಿಟ್ಟಾಳೆಯೇ, ಕೋಟೇಶ್ವರದ ರಸ್ತೆ ಬದಿ ಮೀನು ಮಾರುವ ಪದ್ದು, ಮೀನು ಇಳಿಸುವ ದಡದಲ್ಲಿ ಎಲ್ಲರೆದುರು, ತೆಕ್ಕಟ್ಟೆಗೆ ಬೂಟ್ ಬಿಸಾಕಿ ರಿಕ್ಷಾ ಹತ್ತಿದ್ಲಂಬ್ರ್, ಕಾಂಬುಕೆ ಯಾರಿದ್ದಿರ್, ಎಲ್ಲರೂ ನಕ್ಕರು, ಆವತ್ತಿನಿಂದ ನಾನು ರಿಕ್ಷಾ ಜಲಜ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹಳಸಿದ ಮೀನನ್ನು ತಾಜಾ ಎಂದು ಒಂದು ದಿನ ಮಾರಿದವಳಲ್ಲ ನಾನು, ಬಾರ್ಕೂರಿನ ಮನೆಯವರು ಕಿವಿರು ಎತ್ತಿ ನೋಡದೆ ಮೀನು ತೆಗೆದುಕೊಳ್ಳುತ್ತಿದ್ದರು, ಈಗ ಕೆಲವರು ಎತ್ತಿ ನೋಡುತ್ತಾರೆ. ಅದನ್ನು ನಾನು ಸಹಿಸಲಾರೆ.

ನೀರು ಕುಡಿದೆ, ಅರ್ಧ ಮೈಮೇಲೆ ಹೋಯಿತು, ಲೋಟ ಬಿಸಾಡಿದೆ, ಹದಿಮೂರು ಎಂಬ ಬೋರ್ಡು, ಬಲಗಾಲ ಹೆಬ್ಬೆರಳು ಬೂಟಿನೊಳಗೆ ಉರಿಯುತ್ತಿದೆ, ಊದಿರಬೇಕು. ಅಮ್ಮಾ, ಈ ಸರ್ತಿ ಬೂಟ್ ಕಳ್ಚೂಕಾಗ ಕಾಣ್, ನಾನ್ ತಪ್ಪ್ ಕಾಣ್ಕಿ ಹಾಕ್ತೆ, ಎಂದಿದ್ದಳು ಸೌಜನ್ಯ ನಿನ್ನೆ, ಚಿಪ್ಪನ್ನು ಕಾಲಿಗೇ ಕಟ್ಟಿಕೊಳ್ಳುತ್ತೇನೆ ಎಂದು ನಾನು ಅಂದರೆ ಮನೀಶ ಒಪ್ಪಲಿಲ್ಲ, ಬೂಟಿಗೇ ಇರಬೇಕಂತೆ, ನಿಯಮವಂತೆ. ಕಟ್ಟಿದ್ದು ಬಚ್ಚ, ನನ್ನ ಗಂಡ, ಬಲೆ ಹೆಣೆಯುವ ಕೈ, ಚಿಪ್ಪನ್ನೂ ಬೂಟಿನ ದಾರವನ್ನೂ ನೈಲಾನ್ ಹುರಿಯಲ್ಲಿ ಸೇರಿಸಿ ಬಲೆಗಂಟು ಹಾಕಿದ, ಈ ಗಂಟ್ ಕಡ್ಲ್ ಎಳ್ದ್ರೂ ಬಿಚ್ಚುದಿಲ್ಲೆ ಕಾಣ್, ಎಷ್ಟು ಖುಷಿ ಅವನಿಗೆ. ಅಯ್ಯೋ ಮಾರಾಯನೇ, ಬಲೆಗಂಟು ನೀರು ತಾಗಿದಷ್ಟೂ ಬಿಗಿಯುತ್ತದೆ ಎಂದು ನಿನಗೆ ನಾನು ಹೇಳಿಕೊಡಬೇಕೆ, ಬೆವರು ಇಳಿದು ಇಳಿದು ಅದೀಗ ಕಲ್ಲಾಗಿದೆ — ಅಥವಾ ಗೊತ್ತಿದ್ದೇ ಕಟ್ಟಿದೆಯೋ, ನಾನು ಕಳಚದ ಹಾಗೆ. ಅಗೋ ಅಶ್ವತ್ಥದ ಮರ, ಅಗೋ ಗೋಡೆ. ಕಣ್ಣು ಮುಚ್ಚಿ ದಾಟಿಬಿಡು ಜಲಜ, ಯಾರು ನೋಡುತ್ತಾರೆ, ಬೊಬ್ಬರ್ಯ ಏನು ಪದ್ದುವೇ ಊರಿಗೆ ಸಾರಲಿಕ್ಕೆ, ದೈವಕ್ಕೆ ನನ್ನ ಕಷ್ಟ ಗೊತ್ತಿಲ್ಲವೇ, ಹತ್ತು ಹೆಜ್ಜೆ, ಐದು — ಇಲ್ಲ. ಹೆದರಿಕೆಯಲ್ಲ ಇದು, ನನಗೆ ಹೆದರಿಕೆ ಇಲ್ಲ. ಒಂದು ಯಂತ್ರ ನನ್ನನ್ನು ಸುಳ್ಳಿ ಎಂದಿತು ಎಂದು ನಾನು ಅಮ್ಮನ ಮಾತು ಮೀರಿದರೆ, ಆಮೇಲೆ ನಿಜವಾಗಿ ಸುಳ್ಳಿಯೇ ಆಗುತ್ತೇನೆ. ನಿಂತೆ. ಗಂಟು ಉಗುರಿಗೆ ಬಗ್ಗಲಿಲ್ಲ, ಹಲ್ಲಿಗೂ ಇಲ್ಲ, ಹಿಮ್ಮಡಿ ಒತ್ತಿ ಕಿತ್ತೆ, ಬೂಟಿನ ಜೊತೆ ಚರ್ಮವೂ ಬಂತು, ಇನ್ನೊಂದನ್ನೂ ಕಿತ್ತೆ. ಕನ್ನಡಕದ ಹುಡುಗಿ ದಾಟಿ ಹೋದಳು, ಅಜ್ಜನೊಬ್ಬ ದಾಟಿದ. ಗೋಡೆ ಮುಗಿಯುವವರೆಗೆ ಬೂಟು ಕಂಕುಳಲ್ಲಿ, ಮುಗಿದ ಮೇಲೆ ಹಾಕಿಕೊಳ್ಳೋಣವೆಂದರೆ ಊದಿದ ಕಾಲು ಒಳಗೇ ಹೋಗುವುದಿಲ್ಲ, ಆ ಗಂಟು ಬಾಯಿಯೇ ಬಿಡುವುದಿಲ್ಲ. ಇನ್ನು ಏಳು ಕಿಲೋಮೀಟರ್, ಉಳಿದದ್ದು ಐವತ್ತೆಂಟು ನಿಮಿಷ. ಮತ್ತೆ ಅಲ್ಲಿಗೇ ಬಂದು ನಿಂತೆನಲ್ಲ, ಅದೇ ಗೋಡೆ, ಬರಿಗಾಲು.

ಆದರೆ ಈ ಸಲ ಬೂಟು ಗೋಡೆಯ ಮೇಲಿಲ್ಲ, ನನ್ನ ತಲೆಯ ಮೇಲಿದೆ. ಕೈಯಲ್ಲಿ ಹಿಡಿದರೆ ಓಟ ಬರಲಿಲ್ಲ, ಕೊರಳಿನ ಟವೆಲನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟು ಅದರ ಮೇಲೆ ಬೂಟು ಇಟ್ಟೆ, ಇಟ್ಟ ಕೂಡಲೇ ಕುತ್ತಿಗೆಗೆ ನೆನಪಾಯಿತು, ನಡುವಿಗೆ ನೆನಪಾಯಿತು, ಡಾಂಬರು ಇನ್ನೂ ಕಾದಿಲ್ಲ, ಕುಂಭಾಶಿ, ದೇವಸ್ಥಾನದ ದ್ವಾರದ ಎದುರಿನ ಹೂವಿನ ಅಂಗಡಿಯವ ಬಾಯಿ ಬಿಟ್ಟು ನೋಡುತ್ತಾನೆ, ಬೈಕಿನವನೊಬ್ಬ ಮೊಬೈಲ್ ಹಿಡಿದು ಪಕ್ಕದಲ್ಲೇ ಬರುತ್ತಾನೆ, ತೆಗಿ, ತೆಗಿ, ಚೆನ್ನಾಗಿ ತೆಗಿ, ಕಾಲೂ ಬರಲಿ ಫೋಟೋದಲ್ಲಿ. ಅಜ್ಜನನ್ನು ಹಿಂದೆ ಹಾಕಿದೆ. ಎಡಗಾಲು, ಬಲಗಾಲು, ಜಲ್ಲಿಕಲ್ಲು ಹಿಮ್ಮಡಿಯ ಹಸಿಗೆ ಹೊಕ್ಕಿತು, ಅಮ್ಮಾ, ನೋಯುತ್ತದೆ, ನೋಯುವುದಿಲ್ಲ ಎಂದು ಯಾರಿಗೆ ಸುಳ್ಳು ಹೇಳಲಿ, ಕಣ್ಣಲ್ಲಿ ನೀರು ಬರುವಷ್ಟು ನೋಯುತ್ತದೆ, ನೋಯಲಿ. ಕೋಟೇಶ್ವರ. ಅಲ್ಲಿದ್ದಾಳೆ ನೋಡು ಪದ್ದು, ಕೊಡೆಯ ಕೆಳಗೆ, ಎದುರು ಬುಟ್ಟಿ, ಸುತ್ತ ಆದಿತ್ಯವಾರದ ಗಿರಾಕಿಗಳು, ಇಡೀ ವರ್ಷ ಈ ಒಂದು ನಿಮಿಷಕ್ಕೆ ಕಾದಿದ್ದೇನೆ ನಾನು — ಹ್ವಾಯ್ ಪದ್ದೂ, ಕೂಗಿದೆ, ಉಸಿರಿಲ್ಲದಿದ್ದರೂ ಕೂಗಿದೆ, ಸಮಾ ಕಾಣ್, ರಿಕ್ಷಾ ಎಲ್ಲಿತ್ತ್ ಹೇಳ್! ಗಿರಾಕಿಗಳೆಲ್ಲ ತಿರುಗಿದರು. ಪದ್ದು ಎದ್ದು ನಿಂತಳು, ಕೈಯಲ್ಲಿ ಕತ್ತಿ, ಕತ್ತಿಯಲ್ಲಿ ಮೀನಿನ ಪೊರೆ, ಹೆಣೆ, ಕಾಲಗೆ ನೆತ್ರ್ ಬತ್ತಿತ್ತಲೆ, ನಿಲ್ಲ್, ನೀರ್ ಹಾಕ್ತೆ — ನಿಲ್ಲುವುದಿಲ್ಲ, ನಿನ್ನ ನೀರು ಬೇಡ, ನೀನು ನೋಡಿದೆಯಲ್ಲ, ಅಷ್ಟು ಸಾಕು. ಅಳು ಬಂತು ಯಾಕೋ, ಅವಳ ದನಿಯಲ್ಲಿ ನಗು ಇರಲಿಲ್ಲ.

ಹಂಗಳೂರು, ಹತ್ತೊಂಬತ್ತು, ಇಪ್ಪತ್ತು, ಈಗ ಏನೂ ಯೋಚನೆ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ, ಬಚ್ಚನ ಗಂಟು, ಬಾರ್ಕೂರಿನ ಬಸ್ಸು, ಅಮ್ಮನ ಬರಿಗಾಲು ನನ್ನ ಮುಂದೆ ಓಡುತ್ತಿದೆ, ಕುತ್ತಿಗೆ ಅಲ್ಲಾಡಬಾರದು, ಮೈದಾನದ ಗೇಟು, ಹುಲ್ಲು, ಹುಲ್ಲಿನ ತಂಪು, ಮೇಲೆ ಓಟದ ಗಡಿಯಾರದ ಕೆಂಪು ಅಂಕಿಗಳು, ಹೊರಟು ಎರಡು ಗಂಟೆ ಐವತ್ತೆಂಟು ನಿಮಿಷ, ಚಾಪೆಯ ತುದಿಯನ್ನು ಇಬ್ಬರು ಎತ್ತಲು ಬಗ್ಗಿದ್ದಾರೆ, ಬಿಡ್ರೋ, ಬಿಡ್ರಾ ಅದನ್, ಕೂಗಿದ್ದು ನಾನೋ ಸೌಜನ್ಯಳೋ, ಓಡಿ ಚಾಪೆಯ ನಡುವೆ ನಿಂತೆ. ಸದ್ದಿಲ್ಲ. ಕೀಂಕ್ ಇಲ್ಲ. ಮನೀಶ ಮೇಜಿನ ಹಿಂದಿನಿಂದ ಓಡಿಬಂದ, ತಲೆ ಮೇಲಿದ್ರೆ ಮಿಷನ್ನಿಗೆ ಗೊತ್ತಾತಿಲ್ಲೆ ಜಲಜಕ್ಕ, ಕೆಳ್ಗ್ ಇಡಿ, ಕೆಳ್ಗ್ ಇಡಿ. ಬಗ್ಗಿದೆ, ಮನೆಯವರ ಜಗಲಿಯಲ್ಲಿ ಬುಟ್ಟಿ ಇಳಿಸುವ ಹಾಗೆ, ಎರಡೂ ಕೈಯಲ್ಲಿ, ಮೆಲ್ಲಗೆ ಇಟ್ಟೆ. ಕೀಂಕ್. ಎರಡು ಐವತ್ತೊಂಬತ್ತು. ಜಲಜ, ಕೋಟ, ಪರದೆಯ ಮೇಲೆ ನನ್ನ ಹೆಸರು. ಕೀಂಕ್, ಮತ್ತೆ ಕೀಂಕ್, ಚಿಪ್ ಅಲ್ಲೇ ಇರುವವರೆಗೆ ಅದು ಬಾಯಿ ಮುಚ್ಚುವುದಿಲ್ಲವಂತೆ, ಬೂಟ್ ತಕಣಿ ಜಲಜಕ್ಕ, ಕೂಗಿಯೇ ಕೂಗ್ತಿತ್ತ್ ಅದ್, ಮನೀಶ ಅಂದ. ನಾನು ಬರಿಗಾಲಲ್ಲಿ ಚಾಪೆ ದಾಟಿ ಹುಲ್ಲಿನ ಮೇಲೆ ಕೂತೆ. ತೆಗೆಯುವುದಿಲ್ಲ. ಒಂದು ವರ್ಷ ಬಾಯಿ ಮುಚ್ಚಿಕೊಂಡಿತ್ತು, ಈಗ ಕೂಗಲಿ, ಕೋಟೇಶ್ವರದವರೆಗೆ ಕೇಳಲಿ, ಬಾರ್ಕೂರಿನ ಮನೆ ಮನೆಗೆ ಕೇಳಲಿ — ಗೋಡೆಯ ಮೇಲೆ ಎರಡು ಬೂಟು, ಮೂತಿ ರಸ್ತೆಗೆ — ಅಲ್ಲ, ಚಾಪೆಯ ಮೇಲೆ, ಕೀಂಕ್, ಚಾಪೆಯ ಮೇಲೆ ಎರಡು ಬೂಟು, ಕೀಂಕ್, ಎರಡು ಬೂಟು